ಹೂಜಿ ಗಿಡವನ್ನು ಮನೆಯಲ್ಲಿ ಬೆಳೆಸುವ ಕ್ರಮ

(ಕಡಬದಲ್ಲಿ ಹಿಡುವಳಿದಾರರ ಮತ್ತು ಗ್ರಾಮದ ಯಜಮಾನರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಉಪನ್ಯಾಸ)



ರಾಗಿ, ಭತ್ತ, ತೆಂಗು, ಅಡಿಕೆಗಳ ವಿಷಯವಾಗಿ ತಮ್ಮೊಡನೆ ಮಾತನಾಡತಕ್ಕವನು ಈ ದಿನ ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಒಂದು ಗಿಡವನ್ನು ಕುರಿತು ಉಪನ್ಯಾಸ ಮಾಡುವುದಕ್ಕೆ ಬಂದಿರುವನೆಂದರೆ ತಮ್ಮಲ್ಲಿ ಕೆಲವರಿಗೆ ನಗೆ ಬರಬಹುದು. ಆದರೂ ಈ ವಿಷಯವನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೇನೆ. ಯಾತಕ್ಕೆಂದರೆ, ಬೆಂಗಳೂರಿನ ಸಸ್ಯಾಗಾರಗಳಿಂದಲೂ ಅಂಚೆಯ ಮೂಲಕವೂ ಈ ಗಿಡವನ್ನು ತರಿಸಿ ಜಗಲಿಯ ತೊಲೆಗೆ ತೂಗುಹಾಕುವ ಅಭ್ಯಾಸವು ಪಟ್ಟಣಗಳಿಂದ ಹಳ್ಳಿಗಳಿಗೂ ಬರುತ್ತಲಿದೆ. ಹೀಗೆ ತಂದ ಗಿಡಗಳಲ್ಲಿ ಬಹುಪಾಲು ಎರಡು ಮೂರು ತಿಂಗಳೊಳಗಾಗಿ ಸತ್ತುಹೋಗುತ್ತವೆ. ಸಾಯುವುದಕ್ಕೆ ಕಾರಣ ಅಲಕ್ಷ್ಯವಲ್ಲ. ಒಕ್ಕಲುತನವನ್ನು ಚೆನ್ನಾಗಿ ಬಲ್ಲ ಮನೆಯಲ್ಲಿಯೇ ಅದು ಬೇಗ ಸಾಯುತ್ತದೆಂಬುದು ನಾನು ಕಂಡಿರುವ ಸಂಗತಿ. ಒಳ್ಳೆಯ ಮಣ್ಣು, ಕೊಟ್ಟಿಗೆಯ ಗೊಬ್ಬರ, ಬಾವಿಯ ನೀರು ಎಂಬ ಮೂರನ್ನು ಕೊಟ್ಟರೆ ಯಾವ ಗಿಡವಾದರೂ ಬದುಕಬೇಕೆಂದು ನಾವೆಲ್ಲರೂ ತಿಳಿದಿದ್ದೇವೆ. ಈ ಗಿಡಕ್ಕಾದರೋ ಆ ಮೂರೂ ವಿಷವೇ ಸರಿ. ಇದಲ್ಲದೆ, ಇದರ ಒಂದು ಜಾತಿಯನ್ನು ಪರವಾನಗಿಯಿಲ್ಲದೆ ಬೆಳೆಯುವುದು ಕಾನೂನಿಗೆ ವಿರೋಧವಾದದ್ದು. ತಿಳಿಯದೆ ಕೊಂಡವರೂ ತೊಂದರೆಗೆ ಸಿಕ್ಕಬಹುದಾದ್ದರಿಂದ ಊರಿನ ಹಿರಿಯರಿಗೆ ಈ ಮಾತು ಮೊದಲೇ ಗೊತ್ತಿರುವುದು ಒಳ್ಳೆಯದು.

ಗಿಡದ ಸ್ವರೂಪವನ್ನು ಮೊದಲು ಹೇಳುತ್ತೇನೆ. ಇದರ ಶಾಸ್ತ್ರೀಯ ನಾಮವು ನೆಪೆಂಥಿಸ್. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದನ್ನು ಹೂಜಿ ಗಿಡವೆಂದು ಕರೆದಿರುವುದು ಬಹಳ ಒಪ್ಪುವ ಹೆಸರು. ಎಲೆಯ ನಡುನರವು ತುದಿಯಿಂದ ಮುಂದಕ್ಕೆ ಬಳ್ಳಿಯ ಕುಡಿಯಂತೆ ನೀಳವಾಗಿ ಬೆಳೆದು, ಆ ಕುಡಿಯ ಕೊನೆಯು ಊದಿಕೊಂಡು, ಮೇಲಕ್ಕೆ ಬಾಗಿ, ಹೂಜಿಯ ಆಕಾರವನ್ನು ತಾಳುತ್ತದೆ. ಮೇಲೆ ಒಂದು ಮುಚ್ಚಳವುಂಟು. ನೋಡಿದವರು ಇದನ್ನು ಹೂವೆಂದು ಭಾವಿಸುತ್ತಾರೆ. ಇದು ಹೂವಲ್ಲ, ಎಲೆಯ ಒಂದು ಭಾಗ. ಹೂವು ಬೇರೆ ಗೊಂಚಲಿನಲ್ಲಿ ಬರುತ್ತದೆ. ಮತ್ತು ನಮ್ಮ ಪರಂಗಿಯಲ್ಲಿರುವಂತೆ ಇದರಲ್ಲಿಯೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂಜಿಯ ಬಾಯಂಚಿನಲ್ಲಿ ಜೇನಿನಂಥ ಸಿಹಿರಸವು ಒಸರುತ್ತಿರುತ್ತದೆ. ಆ ರಸಕ್ಕಾಗಿ ಬಂದ ಇರುವೆಯೋ ನೊಣವೋ ತೇವದಿಂದ ಜಾರುವ ಅಂಚಿನ ಮೇಲೆ ಕಾಲಿಟ್ಟು ಒಳಕ್ಕೆ ಬೀಳುತ್ತದೆ. ಅನೇಕ ಜಾತಿಗಳಲ್ಲಿ ಒಳಗೋಡೆಗೆ ಮೇಣವು ಸವರಿದಂತಿರುವುದರಿಂದ ಬಿದ್ದದ್ದು ಹತ್ತಿ ಬರಲಾರದು. ತಳದಲ್ಲಿರುವ ಹುಳಿಯಾದ ದ್ರವದಲ್ಲಿ ಮುಳುಗಿ ಸತ್ತು, ನಮ್ಮ ಜಠರದಲ್ಲಿ ಅನ್ನವು ಕರಗುವಂತೆ ಅಲ್ಲಿ ಕರಗುತ್ತದೆ.

ಗಿಡವು ಇಷ್ಟೊಂದು ಪ್ರಯಾಸವನ್ನು ಏತಕ್ಕಾಗಿ ಮಾಡಿಕೊಂಡಿದೆಯೆಂಬುದನ್ನು ತಿಳಿದರೆ ಅದನ್ನು ಸಾಕುವ ಕ್ರಮವೆಲ್ಲವೂ ತಾನಾಗಿ ತಿಳಿಯುತ್ತದೆ. ಇದು ಹುಟ್ಟಿ ಬೆಳೆದ ನೆಲಗಳು ಅತ್ಯಂತ ಬಡ ನೆಲಗಳು. ವರ್ಷವೆಲ್ಲ ಸುರಿಯುವ ಮಳೆಯಿಂದ ಮಣ್ಣಿನ ಸಾರವು ತೊಳೆದುಹೋಗಿ, ಸಾರಜನಕವೂ ರಂಜಕವೂ ಅಲ್ಲಿ ಬಹಳ ಕಡಿಮೆಯಾಗಿರುತ್ತವೆ. ಬೇರಿನಿಂದ ದೊರೆಯದಿರುವುದನ್ನು ಎಲೆಯಿಂದ ಸಂಪಾದಿಸುವುದಕ್ಕೋಸ್ಕರ ಗಿಡವು ಹೂಜಿಯನ್ನು ಕಟ್ಟಿಕೊಂಡಿದೆ. ಅನ್ನವು ಸೂರ್ಯನ ಬೆಳಕಿನಿಂದಲೇ ಆಗುತ್ತದೆ, ಹುಳುವಿನಿಂದ ಆಗುವುದು ಗೊಬ್ಬರ ಮಾತ್ರ. ಇಂಥ ಗಿಡದ ಬೇರಿಗೆ ಗೊಬ್ಬರವನ್ನು ಹಾಕಿದರೆ, ಬಡತನಕ್ಕೆ ಒಗ್ಗಿಹೋದ ಸೂಕ್ಷ್ಮವಾದ ಬೇರುಗಳು ಸುಟ್ಟುಹೋಗುತ್ತವೆ. ಬದುಕಿ ಉಳಿದರೂ ಗಿಡವು ಬರಿಯ ಎಲೆಯನ್ನು ಬಿಟ್ಟು ಹೂಜಿಯನ್ನು ಬಿಡುವುದಿಲ್ಲ. ಹಸಿವಿಲ್ಲದವನು ದುಡಿಯುವುದೇಕೆ?

ಬೋರ್ನಿಯೋ ದ್ವೀಪದ ಬೆಟ್ಟಗಳಲ್ಲಿ ಲೋವಿಯೈ ಎಂಬ ಒಂದು ಜಾತಿಯುಂಟು. ಅಳಿಲಿನಂಥ ಒಂದು ಸಣ್ಣ ಪ್ರಾಣಿಯು ಅದರ ಮುಚ್ಚಳದಲ್ಲಿರುವ ಸಿಹಿಯನ್ನು ನೆಕ್ಕುವುದಕ್ಕಾಗಿ ಹೂಜಿಯ ಬಾಯಿಯ ಮೇಲೆ ಕುಳಿತು, ಅಲ್ಲಿಯೇ ಹಿಕ್ಕೆಯನ್ನು ಹಾಕಿ ಹೋಗುತ್ತದೆ. ಗಿಡಕ್ಕೆ ಬೇಕಾದ ಸಾರಜನಕದ ದೊಡ್ಡ ಪಾಲು ಅದರಿಂದಲೇ ದೊರೆಯುತ್ತದೆಂದು ೨೦೦೯ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ತಿಳಿದುಬಂದಿದೆ. ಗೊಬ್ಬರವನ್ನು ಬಯಸುವ ಜಾತಿಯೂ ಅದನ್ನು ಹೂಜಿಯಲ್ಲಿ ಬಯಸುತ್ತದೆಯೇ ಹೊರತು ಬೇರಿನಲ್ಲಲ್ಲ. ಈ ಒಂದು ಮಾತನ್ನು ತಾವು ಜ್ಞಾಪಕದಲ್ಲಿಟ್ಟರೆ ಅರ್ಧ ಗಿಡಗಳು ಉಳಿದಾವು.

ಐರೋಪ್ಯರಲ್ಲಿ ಮಡಗಾಸ್ಕರಿನ ಗವರ್ನರನಾಗಿದ್ದ ಫ್ಲಾಕೂರನು ೧೬೫೮ರಲ್ಲಿ ಈ ಗಿಡವನ್ನು ಮೊದಲು ವರ್ಣಿಸಿದನು. ಅದು ಹುಳುಗಳನ್ನು ನಿಜವಾಗಿ ಜೀರ್ಣಿಸಿಕೊಳ್ಳುತ್ತದೆಂಬುದನ್ನು ಜೋಸೆಫ್ ಹೂಕರನು ೧೮೭೪ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದನು. ಮಾರನೆಯ ವರ್ಷವೇ ಚಾರ್ಲ್ಸ್ ಡಾರ್ವಿನ್ನನು ಕೀಟಾಹಾರಿ ಸಸ್ಯಗಳ ಮೇಲೆ ಒಂದು ದೊಡ್ಡ ಗ್ರಂಥವನ್ನು ಹೊರಡಿಸಿದನು. ಇಂದು ಗೊತ್ತಿರುವ ಜಾತಿಗಳು ನೂರೈವತ್ತಕ್ಕೂ ಮಿಕ್ಕಿವೆ. ಬೋರ್ನಿಯೋ, ಸುಮಾತ್ರಾ, ಫಿಲಿಪೈನ್ಸ್ ದ್ವೀಪಗಳು ಇವುಗಳ ತವರು. ಸಿಂಹಳದಲ್ಲಿ ಒಂದು ಜಾತಿ ಇದೆ. ನಮ್ಮ ದೇಶದಲ್ಲಿಯೂ ಒಂದೇ ಒಂದು ಜಾತಿಯುಂಟು. ಅದು ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ ಬೆಳೆಯುವ ಖಾಸಿಯಾನಾ ಎಂಬುದು. ಗಾರೋ ಜನರು ಅದನ್ನು ಮೆಮಾಂಗ್ ಕೋಕ್ಸಿ, ಎಂದರೆ ದೆವ್ವದ ಬುಟ್ಟಿ, ಎಂದು ಕರೆಯುತ್ತಾರೆ.

ಕಾನೂನಿನ ಮಾತು ಈ ಖಾಸಿಯಾನಾ ಜಾತಿಗೆ ಸಂಬಂಧಪಟ್ಟದ್ದು. ಅಲಂಕಾರಕ್ಕೆಂದು ಜನರು ಕಾಡಿನಿಂದ ಕಿತ್ತು ಮಾರಿದ್ದರಿಂದಲೂ, ಗಣಿಗಳಿಂದಲೂ, ಕಾಡನ್ನು ಸುಟ್ಟು ಸಾಗುವಳಿ ಮಾಡುವುದರಿಂದಲೂ ಇದು ಬಹಳ ಕ್ಷೀಣಿಸಿತು. ಆದಕಾರಣ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ಆದ ತಿದ್ದುಪಡಿಯಲ್ಲಿ ಇದನ್ನು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಲಾಯಿತು. ೨೦೨೨ರ ತಿದ್ದುಪಡಿಯಾದ ಮೇಲೆಯೂ ಇದು ಅನುಸೂಚಿಯಲ್ಲಿಯೇ ಇದೆ. ಕಾಡಿನಿಂದ ಕೀಳುವುದು ಮಾತ್ರವಲ್ಲ, ಲೈಸೆನ್ಸ್ ಇಲ್ಲದೆ ಬೆಳೆಯುವುದೂ ಮಾರುವುದೂ ಅಪರಾಧವೇ. ದೇಶದೇಶಗಳ ನಡುವಣ ವ್ಯಾಪಾರವನ್ನೂ ಅಂತರರಾಷ್ಟ್ರೀಯ ಒಪ್ಪಂದವು ನಿರ್ಬಂಧಿಸಿದೆ, ಮತ್ತು ಆ ನಿರ್ಬಂಧವು ಹೆಚ್ಚು ಕಡಿಮೆಯಾಗಿ ಹೂಜಿ ಗಿಡದ ಎಲ್ಲ ಜಾತಿಗಳಿಗೂ ಅನ್ವಯಿಸುತ್ತದೆ. ಹೀಗಿರುವಲ್ಲಿ ಬೀದಿಯಲ್ಲಿ ಹೊತ್ತು ಮಾರುವವನು “ಇದು ಅಸ್ಸಾಮಿನ ಕಾಡಿನದು, ಅಸಲು ಮಾಲು” ಎಂದು ಹೊಗಳಿದರೆ ಅದೇ ಗಿಡವನ್ನು ಕೊಳ್ಳದೆ ಇರುವುದಕ್ಕೆ ಸಾಕಾದ ಕಾರಣ. ಸಸ್ಯಾಗಾರದಲ್ಲಿ ಕಡ್ಡಿಯಿಂದಲೋ ಅಂಗಾಂಶ ಕೃಷಿಯಿಂದಲೋ ಬೆಳೆಸಿದ ಮಿಶ್ರತಳಿಗಳನ್ನೇ ಕೇಳಿ, ಜಾತಿಯ ಹೆಸರನ್ನು ಬರೆದ ರಸೀತಿಯೊಂದಿಗೆ ಕೊಳ್ಳತಕ್ಕದ್ದು. ವೆಂಟ್ರಾಟಾ ಎಂಬ ಮಿಶ್ರತಳಿಯು ಎಲ್ಲಕ್ಕಿಂತ ಗಟ್ಟಿಯಾದದ್ದು, ಸುಲಭವಾಗಿ ದೊರೆಯುವಂಥದ್ದು, ನಮ್ಮ ಸೀಮೆಯ ಹವೆಯನ್ನು ತಡೆದುಕೊಳ್ಳುವಂಥದ್ದು. ಹೊಸಬರು ಇದನ್ನು ಬಿಟ್ಟು ಬೇರೊಂದಕ್ಕೆ ಕೈಹಾಕುವುದು ಹಣದ ನಷ್ಟ. ಎತ್ತರದ ಬೆಟ್ಟಗಳ ಜಾತಿಗಳಿಗೆ ರಾತ್ರಿ ಬಹಳ ತಂಪು ಬೇಕು. ಚಿತ್ರದಲ್ಲಿ ಅವು ಎಷ್ಟೇ ಚೆನ್ನಾಗಿ ಕಂಡರೂ ಕಡಬದ ಬೇಸಗೆಯಲ್ಲಿ ನಿಲ್ಲುವಂಥವಲ್ಲ.

ಇನ್ನೊಂದು ಎಚ್ಚರಿಕೆ. ಈ ಗಿಡವನ್ನು ಮನೆಯಲ್ಲಿಟ್ಟರೆ ಸೊಳ್ಳೆಗಳು ಇಲ್ಲವಾಗುತ್ತವೆಂದೂ, ತೋಟದಲ್ಲಿಟ್ಟರೆ ಬೆಳೆಗೆ ಹುಳು ಬೀಳುವುದಿಲ್ಲವೆಂದೂ ಹೇಳಿ ಮಾರುವವರುಂಟು. ಇದು ಶುದ್ಧ ಸುಳ್ಳು. ಒಂದು ಹೂಜಿಯು ತನ್ನ ಆಯುಷ್ಯದಲ್ಲಿ ಹಿಡಿಯುವುದು ಹೆಚ್ಚಾಗಿ ಇರುವೆಗಳನ್ನು. ಸೊಳ್ಳೆಯ ಕೆಲವು ಜಾತಿಗಳಂತೂ ಕಾಡಿನಲ್ಲಿ ಹೂಜಿಯೊಳಗಿನ ದ್ರವದಲ್ಲಿಯೇ ಮೊಟ್ಟೆಯಿಟ್ಟು ಮರಿಗಳನ್ನು ಬೆಳೆಸುತ್ತವೆ. ಗಿಡವನ್ನು ಅದರ ಸೊಗಸಿಗಾಗಿ, ಮಕ್ಕಳ ತಿಳಿವಳಿಕೆಗಾಗಿ ಸಾಕಬೇಕೇ ಹೊರತು ಬೆಳೆಯ ರಕ್ಷಣೆಗಾಗಿ ಕೊಳ್ಳಬಾರದು.

ಈಗ ಸಾಕಣೆಯ ಕ್ರಮಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಗುಬ್ಬಿ ತಾಲ್ಲೂಕಿನ ಕೊಳವೆ ಬಾವಿಗಳ ನೀರು ಬಹಳ ಕಡೆಗಳಲ್ಲಿ ಗಡಸು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊರಳೆ ಕಟ್ಟುವುದನ್ನು ಹೆಣ್ಣುಮಕ್ಕಳು ದಿನವೂ ನೋಡುತ್ತಾರೆ. ಆ ಸುಣ್ಣವೂ ಉಪ್ಪೂ ಕುಂಡದಲ್ಲಿ ದಿನದಿನಕ್ಕೆ ಸೇರುತ್ತಾ ಬಂದು ಹೂಜಿ ಗಿಡದ ಬೇರನ್ನು ಕೊಲ್ಲುತ್ತವೆ. ಕುಡಿಯುವ ನೀರಿನಲ್ಲಿ ಕರಗಿರುವ ಲವಣವು ಲೀಟರಿಗೆ ೫೦೦ ಮಿಲಿಗ್ರಾಮಿನವರೆಗೆ ಇರಬಹುದೆಂದು ನಿಯಮವಿದೆ. ಮನುಷ್ಯರಿಗೆ ಅದು ಸರಿ. ಈ ಗಿಡಕ್ಕೆ ೧೦೦ ಮಿಲಿಗ್ರಾಮನ್ನು ಮೀರಬಾರದು, ೫೦ರ ಒಳಗಿದ್ದರೆ ಉತ್ತಮ. ಇದನ್ನು ಅಳೆಯುವ ಪೆನ್ನಿನಷ್ಟು ಸಣ್ಣ ಮೀಟರುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಊರಿಗೆ ಒಂದಿದ್ದರೆ ಸಾಕು, ಎಲ್ಲರ ಬಾವಿಯ ನೀರನ್ನೂ ಒಂದು ಬೆಳಗಿನಲ್ಲಿ ಅಳೆದು ನೋಡಬಹುದು. ಅದು ಹೂಜಿ ಗಿಡಕ್ಕಿಂತ ಹೆಚ್ಚಿನ ಕೆಲಸಕ್ಕೂ ಬರುತ್ತದೆ.

ಕೆರೆಯ ನೀರೂ ನಾಲೆಯ ನೀರೂ ಕೊಳವೆ ಬಾವಿಯ ನೀರಿಗಿಂತ ಮೆದುವಾಗಿರುವುದುಂಟು. ಆದರೆ ಅಚ್ಚುಕಟ್ಟಿನ ಗದ್ದೆಗಳಿಂದ ಬಸಿದ ಗೊಬ್ಬರದ ಅಂಶವು ಅದರಲ್ಲಿ ಸೇರಿರುವುದರಿಂದ ಅಳೆಯದೆ ಹಾಕಕೂಡದು. ಗ್ರಾಮಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ನೀರು, ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಈ ಗಿಡಕ್ಕೆ ಆಗುತ್ತದೆ. ಆ ಘಟಕದಿಂದ ಹೊರಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ಲವಣವೆಲ್ಲವೂ ಸೇರಿರುತ್ತದೆಯಾದ್ದರಿಂದ, “ಹೇಗೂ ಚರಂಡಿಗೆ ಹೋಗುತ್ತದೆ” ಎಂದು ಅದನ್ನು ಹಿಡಿದು ತಂದು ಹಾಕಬಾರದು.

ಆದರೆ ದುಡ್ಡಿಲ್ಲದೆ ದೊರೆಯುವ ಅತ್ಯುತ್ತಮವಾದ ನೀರು ಮಳೆಯ ನೀರೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿ ೭೦೦ ಮಿಲಿಮೀಟರಿಗೆ ಸಮೀಪವಾಗಿರುತ್ತದೆ. ಈ ಲೆಕ್ಕದಿಂದ ೧೦ ಅಡಿ ಉದ್ದ ೧೦ ಅಡಿ ಅಗಲವಿರುವ ಮಾಡಿನ ಮೇಲೆ ವರ್ಷದಲ್ಲಿ ಸುಮಾರು ೬,೫೦೦ ಲೀಟರು ನೀರು ಬೀಳುತ್ತದೆ. ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರೆಂದು ಇಟ್ಟುಕೊಂಡರೂ ಮಳೆಯಿಲ್ಲದ ಐದು ತಿಂಗಳಿಗೆ ೭೫ ಲೀಟರು ಸಾಕು. ಎಂದರೆ ೨೦೦ ಲೀಟರಿನ ಒಂದು ಪೀಪಾಯಿಯಲ್ಲಿ ಎರಡು ಗಿಡಗಳನ್ನು ಬೇಸಗೆ ದಾಟಿಸಬಹುದು. ನಮ್ಮಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬರುವುದರಿಂದ ಪೀಪಾಯಿಯನ್ನು ಆಗಲೇ ತುಂಬಿಸಿಡತಕ್ಕದ್ದು. ಮೊದಲ ಮಳೆಯ ನೀರು ಮಾಡಿನ ಧೂಳನ್ನು ತೊಳೆದುಕೊಂಡು ಬರುತ್ತದೆ, ಅದನ್ನು ಬಿಟ್ಟುಬಿಡಬೇಕು. ಹೊಸದಾಗಿ ಗಾರೆ ಹಾಕಿದ ತಾರಸಿಯ ನೀರಿನಲ್ಲಿ ಸುಣ್ಣವಿರುತ್ತದೆ, ಅದಕ್ಕಿಂತ ಹೆಂಚಿನ ಅಥವಾ ತಗಡಿನ ಮಾಡಿನದು ವಾಸಿ. ಪೀಪಾಯಿಯ ಬಾಯಿಗೆ ದಟ್ಟವಾದ ಬಟ್ಟೆಯನ್ನು ಬಿಗಿಯಾಗಿ ಕಟ್ಟುವುದನ್ನು ಮರೆಯಬಾರದು. ಕೀಟಾಹಾರಿ ಗಿಡಕ್ಕೆಂದು ಇಟ್ಟ ನೀರಿನಲ್ಲಿ ಡೆಂಗ್ಯೂ ಜ್ವರದ ಸೊಳ್ಳೆಗಳನ್ನು ಬೆಳೆಸಿದರೆ ಊರಿನವರು ನಮ್ಮನ್ನು ಮೆಚ್ಚಲಾರರು.

ನೀರನ್ನು ಕುಂಡದ ಮೇಲಿನಿಂದ, ತಳದ ತೂತಿನಿಂದ ಹೊರಕ್ಕೆ ಹರಿಯುವಷ್ಟು ಹಾಕಬೇಕು. ಮಣ್ಣು ಸದಾ ತೇವವಾಗಿರಬೇಕು. ಆದರೆ ಕುಂಡವು ನೀರಿನಲ್ಲಿ ನಿಂತಿರಬಾರದು. ಭತ್ತದಂತೆ ಕಾಲನ್ನು ನೀರಿನಲ್ಲಿಟ್ಟುಕೊಂಡು ಬದುಕುವ ಗಿಡ ಇದಲ್ಲ.

ಎರಡನೆಯದು ಮಣ್ಣು. ಹೊಲದ ಕೆಂಪು ಮಣ್ಣನ್ನಾಗಲಿ ಕೆರೆಯ ಗೋಡನ್ನಾಗಲಿ ಒಂದು ಹಿಡಿಯೂ ಹಾಕಕೂಡದು. ಹೊರದೇಶಗಳಲ್ಲಿ ಸ್ಫ್ಯಾಗ್ನಂ ಎಂಬ ಹಾವಸೆಯನ್ನು ಒಣಗಿಸಿ ಉಪಯೋಗಿಸುತ್ತಾರೆ. ಇಲ್ಲಿಯೂ ಅದು ದೊರೆಯುತ್ತದೆ, ಆದರೆ ಬೆಲೆ ಹೆಚ್ಚು. ತೆಂಗಿನ ನಾಡಿನಲ್ಲಿರುವ ನಮಗೆ ಅದರ ಬದಲಿಗೆ ಮನೆಯ ಹಿತ್ತಿಲಿನಲ್ಲಿಯೇ ಪದಾರ್ಥವುಂಟು. ಕಾಯಿ ಸುಲಿದ ಮಟ್ಟೆಯನ್ನು ಅರ್ಧ ಅಂಗುಲದ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕು. ಮಟ್ಟೆಯಲ್ಲಿಯೂ ನಾರಿನ ಪುಡಿಯಲ್ಲಿಯೂ ಸ್ವಭಾವವಾಗಿಯೇ ಉಪ್ಪು ಇರುತ್ತದೆ. ಆದ್ದರಿಂದ ಈ ತುಂಡುಗಳನ್ನು ಮಳೆಯ ನೀರಿನಲ್ಲಿ ಒಂದು ದಿನ ನೆನೆಹಾಕಿ, ಹಿಂಡಿ, ಆ ಕಂದು ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ನೆನೆಹಾಕಬೇಕು. ನೀರು ಬಣ್ಣವಿಲ್ಲದೆ ಬರುವವರೆಗೆ, ಸಾಮಾನ್ಯವಾಗಿ ನಾಲ್ಕೈದು ಸಲ, ಹೀಗೆ ಮಾಡತಕ್ಕದ್ದು. ಮಳೆಗಾಲದಲ್ಲಿ ಗೋಣಿಚೀಲಕ್ಕೆ ತುಂಬಿ ಸೂರಿನ ನೀರು ಬೀಳುವ ಕಡೆ ತಿಂಗಳುಗಟ್ಟಲೆ ಇಟ್ಟುಬಿಡುವುದು ಇನ್ನೂ ಸುಲಭವಾದ ಉಪಾಯ. ಈ ಕೆಲಸವನ್ನು ಬಿಟ್ಟವರ ಗಿಡವು ಬದುಕುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಹೀಗೆ ತೊಳೆದ ಮಟ್ಟೆಯ ತುಂಡು ಎರಡು ಪಾಲು, ಕಟ್ಟಿಗೆಯ ಇದ್ದಿಲಿನ ಚೂರು ಒಂದು ಪಾಲು, ಬೆಣಚುಕಲ್ಲಿನ ಸಣ್ಣ ಹರಳು ಅಥವಾ ಪರ್ಲೈಟ್ ಒಂದು ಪಾಲು ಸೇರಿಸಿದರೆ ಸಾಕು. ಸುಣ್ಣದ ಕಲ್ಲು ಕೂಡದು. ಸ್ವಲ್ಪ ಸ್ಫ್ಯಾಗ್ನಂ ದೊರೆತರೆ ಮೇಲೆ ಹರಡಬಹುದು. ಆರೇಳು ಅಂಗುಲದ, ತಳದಲ್ಲಿ ನಾಲ್ಕೈದು ತೂತುಗಳುಳ್ಳ ಕುಂಡವು ಒಂದು ಗಿಡಕ್ಕೆ ಸರಿಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಿಶ್ರಣವನ್ನು ಬದಲಾಯಿಸಬೇಕು. ಆಗ ಬೇರನ್ನು ನೋಡಿ ಗಾಬರಿಯಾಗಬಾರದು. ನಮ್ಮ ಅನುಭವದಲ್ಲಿ ಕಪ್ಪಾದ ಬೇರು ಕೊಳೆತ ಬೇರು. ಈ ಗಿಡದ ಆರೋಗ್ಯವಾದ ಬೇರೇ ಕಪ್ಪಗೆ, ಕೂದಲಿನಂತೆ ಸಣ್ಣಗೆ ಇದ್ದು, ಮುಟ್ಟಿದರೆ ಮುರಿಯುವಂತಿರುತ್ತದೆ. ಕೊಳೆತಿದೆಯೆಂದು ಕತ್ತರಿಸಿಹಾಕಿ ಒಳ್ಳೆಯ ಗಿಡವನ್ನು ಕೊಂದವರುಂಟು. ಹಳೆಯ ಮಿಶ್ರಣದ ಉಂಡೆಯನ್ನು ಒಡೆಯದೆ ಹಾಗೆಯೇ ಎತ್ತಿ ಇಡತಕ್ಕದ್ದು.

ಇನ್ನು ಸ್ಥಳ. ಈ ಗಿಡಕ್ಕೆ ಬೆಳಕು ಹೆಚ್ಚಾಗಿ ಬೇಕು, ಉರಿಬಿಸಿಲು ಬೇಡ. ಹವೆಯಲ್ಲಿ ತೇವ ಬೇಕು, ಬೀಸುಗಾಳಿ ಬೇಡ. ಸಮುದ್ರಮಟ್ಟದಿಂದ ೮೦೦ ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಬಯಲುಸೀಮೆಯಲ್ಲಿ ಶಾಖದಿಂದ ಅಷ್ಟು ತೊಂದರೆಯಿಲ್ಲ, ಒಣಗಾಳಿಯಿಂದಲೇ ತೊಂದರೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಹೂಜಿಗಳು ಒಣಗಿ, ಹೊಸ ಎಲೆಯ ಕುಡಿಯ ತುದಿಯು ಊದಿಕೊಳ್ಳದೆ ಕರಕಾಗುತ್ತದೆ. ಎಲೆಯು ಹಸಿರಾಗಿದ್ದರೆ ಗಿಡವು ಸತ್ತಿಲ್ಲವೆಂದೇ ತಿಳಿಯಬೇಕು. ಮುಂಗಾರಿನ ಹವೆ ಬಂದೊಡನೆ ಮತ್ತೆ ಹೂಜಿ ಕಟ್ಟುತ್ತದೆ.

ಪಟ್ಟಣದವರು ಗಾಜಿನ ಪೆಟ್ಟಿಗೆ, ತೇವವನ್ನು ಚಿಮ್ಮುವ ಯಂತ್ರ ಮುಂತಾದವುಗಳಿಗೆ ಹಣ ಸುರಿದು ಉಂಟುಮಾಡಿಕೊಳ್ಳುವ ಹವೆಯು ತಮ್ಮಲ್ಲಿ ಅನೇಕರಿಗೆ ಪಿತ್ರಾರ್ಜಿತವಾಗಿಯೇ ಬಂದಿದೆ. ಕೆರೆಯ ಕೆಳಗಿನ ಅಡಿಕೆ ತೋಟವೇ ಅದು. ಅಡಿಕೆಯ ತಲೆಯಿಂದ ಸೋಸಿ ಬರುವ ಬೆಳಕು, ಬಾಳೆ ಎಲೆವಳ್ಳಿಗಳ ಮಧ್ಯದಲ್ಲಿ ನಿಂತ ತೇವ, ಸುತ್ತಲ ತೆಂಗಿನಿಂದ ಗಾಳಿಗೆ ತಡೆ, ಇವೆಲ್ಲವೂ ಹೂಜಿ ಗಿಡಕ್ಕೆ ಹೇಳಿ ಮಾಡಿಸಿದಂತಿವೆ. ತೋಟದ ಅಂಚಿನಲ್ಲಿ, ಬೆಳಕು ಸ್ವಲ್ಪ ಹೆಚ್ಚಾಗಿ ಬೀಳುವ ಕಡೆ, ಆಳೆತ್ತರದಲ್ಲಿ ಕುಂಡವನ್ನು ತೂಗುಹಾಕತಕ್ಕದ್ದು. ತೀರ ದಟ್ಟವಾದ ನೆರಳಿನಲ್ಲಿಟ್ಟರೆ ಎಲೆ ನೀಳವಾಗಿ ಬೆಳೆದು ಹೂಜಿ ಬರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಜಾಗರೂಕತೆ ಬೇಕು: ಕೊಳೆರೋಗಕ್ಕಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ತೋಟಗಳಲ್ಲಿ ಸಿಂಪಡಿಸುವುದಕ್ಕೆ ಮುಂಚೆ ಕುಂಡಗಳನ್ನು ಮನೆಗೆ ತರಬೇಕು. ಮೈಲುತುತ್ತವೂ ಸುಣ್ಣವೂ ಅಡಿಕೆಯನ್ನು ಕಾಪಾಡುತ್ತವೆ, ಹೂಜಿಯನ್ನು ಹಾಳುಮಾಡುತ್ತವೆ. ತೋಟವಿಲ್ಲದವರು ಮನೆಯ ಮೂಡಣ ಸೂರಿನ ಕೆಳಗೆ ತೂಗುಹಾಕಿ, ಬೇಸಗೆಯಲ್ಲಿ ಅರ್ಧ ಬಿಸಿಲನ್ನು ತಡೆಯುವ ನೆರಳು ಪರದೆಯನ್ನು ಕಟ್ಟಿ, ಕೆಳಗೆ ಒದ್ದೆ ಮರಳಿನ ತಟ್ಟೆಯನ್ನು ಇಟ್ಟರೆ ಆಗುತ್ತದೆ. ಗಿಡವನ್ನು ತರುವುದಕ್ಕೆ ಜೂನ್ ಜುಲೈ ತಿಂಗಳುಗಳು ಒಳ್ಳೆಯವು. ಬೇಸಗೆಯಲ್ಲಿ ತರಿಸಿದ ಗಿಡವು ದಾರಿಯಲ್ಲಿಯೇ ಅರ್ಧ ಸತ್ತಿರುತ್ತದೆ.

ಆಹಾರದ ವಿಚಾರದಲ್ಲಿ ಹೇಳತಕ್ಕದ್ದು ಕಡಿಮೆ. ಹೊರಗೆ ತೂಗುಹಾಕಿದ ಗಿಡಕ್ಕೆ ನಾವು ಏನನ್ನೂ ಕೊಡಬೇಕಾದ್ದಿಲ್ಲ. ಮಕ್ಕಳು ಕುತೂಹಲಕ್ಕೆ ಅನ್ನದ ಅಗುಳು, ಹಾಲು, ಮಾಂಸದ ಚೂರುಗಳನ್ನು ಹಾಕುತ್ತಾರೆ. ಅವು ಕೊಳೆತು ಹೂಜಿಯೇ ಕೊಳೆತುಹೋಗುತ್ತದೆ. ಹೂಜಿಯ ದ್ರವವನ್ನು ಚೆಲ್ಲಬಾರದು. ದಾರಿಯಲ್ಲಿ ಚೆಲ್ಲಿಹೋಗಿದ್ದರೆ ಕಾಲುಭಾಗಕ್ಕೆ ಮಳೆಯ ನೀರನ್ನು ಹಾಕಿ ಬಿಡಬಹುದು. ಯೂರಿಯಾ, ಡಿ.ಎ.ಪಿ., ಹಿಂಡಿ, ಸಗಣಿಯ ನೀರು, ಜೀವಾಮೃತ ಇವುಗಳಲ್ಲಿ ಯಾವುದನ್ನೂ ಕುಂಡಕ್ಕೆ ಹಾಕಕೂಡದು. ಜೀವಾಮೃತವು ಹೆಸರಿನಿಂದ ಅಮೃತವಾದರೂ ಇಲ್ಲಿ ಹಾಗಲ್ಲ.

ಈ ಸಂದರ್ಭದಲ್ಲಿ ಊರೂರುಗಳಲ್ಲಿ ಹಿರಿಯರು ಕೇಳುವ ಒಂದು ಪ್ರಶ್ನೆಯುಂಟು: “ಸ್ವಾಮಿ, ನಮ್ಮದು ಮಾಂಸವನ್ನು ಮುಟ್ಟದ ಮನೆ, ದಿನವೂ ಪೂಜೆ ನಡೆಯುವ ಮನೆ, ಜೀವವನ್ನು ತಿನ್ನುವ ಗಿಡವನ್ನು ನಾವು ಇಟ್ಟುಕೊಳ್ಳಬಹುದೇ?” ಇದನ್ನು ನಗುವ ಪ್ರಶ್ನೆಯೆಂದು ನಾನು ತಿಳಿಯುವುದಿಲ್ಲ. ಆಚಾರದ ನಿರ್ಣಯವನ್ನು ಹೇಳುವ ಅಧಿಕಾರ ವ್ಯವಸಾಯದ ಇನ್‌ಸ್ಪೆಕ್ಟರಿಗಿಲ್ಲ. ನಾವು ಕೈಯಾರೆ ಒಂದು ಹುಳುವನ್ನೂ ಹಾಕಬೇಕಾದ್ದಿಲ್ಲವೆಂಬ ಸಂಗತಿಯನ್ನು ಮಾತ್ರ ಹೇಳಬಲ್ಲೆ. ಅದೇ ಗೋಡೆಯ ಮೇಲೆ ಹಲ್ಲಿಯೂ, ತೊಲೆಯ ಸಂದಿನಲ್ಲಿ ಜೇಡವೂ ಇವೆ. ಅವುಗಳನ್ನು ಯಾರೂ ಮನೆಯಿಂದ ಹೊರಗೆ ಹಾಕಿಲ್ಲ. ಮನಸ್ಸು ಒಪ್ಪದಿದ್ದವರು ತೋಟದಲ್ಲಿ ಇಟ್ಟುಕೊಳ್ಳಲಿ, ಅದೂ ಒಪ್ಪದಿದ್ದರೆ ಬಿಡಲಿ. ಬಲವಂತಕ್ಕೆ ಬೆಳೆಸುವ ಬೆಳೆಯಲ್ಲ ಇದು.

ಹುಳುವನ್ನು ತಿನ್ನುವ ಗಿಡಕ್ಕೂ ಹುಳುವಿನ ಬಾಧೆ ತಪ್ಪಿಲ್ಲ. ಹಿಟ್ಟು ತಿಗಣೆಯು ಎಲೆಯ ಕಂಕುಳಲ್ಲಿ ಸೇರುತ್ತದೆ. ಸಣ್ಣ ಬ್ರಷ್ಷಿನಿಂದ ಒರೆಸಿ ತೆಗೆದು, ಎಂಟು ದಿನಗಳಿಗೊಮ್ಮೆ ಮತ್ತೆ ನೋಡಬೇಕು. ಬಸವನಹುಳುವು ಎಳೆಯ ಕುಡಿಯನ್ನು ಕಡಿಯುತ್ತದೆ. ತೂಗುಹಾಕಿದ ಕುಂಡಕ್ಕೆ ಅದರ ಕಾಟ ಕಡಿಮೆ. ಹೂಜಿಯು ಹಳೆಯದಾಗಿ ಕಂದು ಬಣ್ಣಕ್ಕೆ ತಿರುಗಿದಾಗ ಅದನ್ನು ಮಾತ್ರ ಕತ್ತರಿಸಿ, ಹಸಿರಾದ ಎಲೆಯನ್ನು ಬಿಡತಕ್ಕದ್ದು.

ಗಿಡವು ಎರಡು ಮೂರು ವರ್ಷಗಳಲ್ಲಿ ಬಳ್ಳಿಯಾಗಿ ನೀಳವಾದಾಗ ಕಡ್ಡಿಯಿಂದ ಹೊಸ ಗಿಡಗಳನ್ನು ಮಾಡಿಕೊಳ್ಳಬಹುದು. ಮಳೆಗಾಲದ ಆರಂಭದಲ್ಲಿ ಎರಡು ಮೂರು ಗಿಣ್ಣುಗಳುಳ್ಳ ತುಂಡುಗಳನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕಡಿದು, ಒದ್ದೆ ಸ್ಫ್ಯಾಗ್ನಮ್ಮಿನಲ್ಲಿ ನೆಟ್ಟು, ಮೇಲೆ ಪಾರದರ್ಶಕವಾದ ಚೀಲವನ್ನು ಮುಚ್ಚಿ ನೆರಳಿನಲ್ಲಿಡಬೇಕು. ಬೇರು ಬರುವುದಕ್ಕೆ ಒಂದೆರಡು ತಿಂಗಳು, ಕೆಲವು ವೇಳೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ದಿನವೂ ಎಳೆದು ನೋಡುವ ಕೈಗೆ ಈ ಕೆಲಸ ಆಗದು. ತಾಯಿಗಿಡವು ಕತ್ತರಿಸಿದ ಕೆಳಗಿನ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ. ಹೀಗೆ ಬೆಳೆದ ಗಿಡಗಳನ್ನು ಮಾರಿ ನಾಲ್ಕು ಕಾಸು ಸಂಪಾದಿಸಬಹುದೇ ಎಂದರೆ, ಮನೆಯ ಹೆಣ್ಣುಮಕ್ಕಳು ಅಡಿಕೆ ತೋಟದ ಮೂಲೆಯಲ್ಲಿ ಹತ್ತಿಪ್ಪತ್ತು ಕುಂಡಗಳನ್ನು ಸಾಕಿ ಮಾರುವುದಕ್ಕೆ ಅಡ್ಡಿಯೇನೂ ಕಾಣದು. ಸಾಲ ಮಾಡಿ, ನೆರಳುಮನೆ ಕಟ್ಟಿ, ಇದನ್ನೇ ಬೆಳೆಯಾಗಿ ಮಾಡಿಕೊಳ್ಳಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ಅದನ್ನು ನಾನು ಅನುಮೋದಿಸುವುದಿಲ್ಲ. ಕೊಳ್ಳುವವರು ಕೆಲವರೇ, ಅವರೂ ಒಂದು ಸಲ ಕೊಂಡು ಸುಮ್ಮನಾಗುವವರು.

ಕಡೆಯದಾಗಿ ಗ್ರಾಮದ ಯಜಮಾನರ ಗಮನಕ್ಕೆ ಒಂದು ವಿಷಯ. ಕೀಟಗಳನ್ನು ಹಿಡಿಯುವ ಗಿಡವನ್ನು ನೋಡುವುದಕ್ಕೆ ಹೂಜಿ ಗಿಡವನ್ನೇ ತರಿಸಬೇಕೆಂದಿಲ್ಲ. ಇದೇ ಬಗೆಯ ಬೇರೆ ಗಿಡಗಳು ತುಮಕೂರು ಸೀಮೆಯಲ್ಲಿಯೇ ಇವೆ. ಮಳೆಗಾಲದ ಕೊನೆಯಲ್ಲಿ, ಕೆರೆಗಳ ಮೇಲಂಚಿನ ತೇವವಾದ ಜಲ್ಲಿನೆಲದಲ್ಲಿಯೂ ಬಂಡೆಗಳ ಬುಡದ ಜೌಗಿನಲ್ಲಿಯೂ, ರೂಪಾಯಿಯ ನಾಣ್ಯದಷ್ಟು ಅಗಲವಾಗಿ ನೆಲಕ್ಕೆ ಅಂಟಿಕೊಂಡ, ಕೆಂಪು ರೋಮಗಳ ತುದಿಯಲ್ಲಿ ಇಬ್ಬನಿಯಂಥ ಹನಿಗಳನ್ನು ಹೊತ್ತ ಸಣ್ಣ ಗಿಡವೊಂದು ಸಿಕ್ಕುತ್ತದೆ. ಅದು ಡ್ರಾಸೆರಾ. ಆ ಹನಿಯು ನೀರಲ್ಲ, ಅಂಟು. ಕುಳಿತ ಸೊಳ್ಳೆಯಂಥ ಹುಳುವಿನ ಮೇಲೆ ರೋಮಗಳು ಬಗ್ಗಿ ಹಿಡಿದ ಮೇಲೆ ಅದಕ್ಕೆ ಬಿಡುಗಡೆಯಿಲ್ಲ. ಡಾರ್ವಿನ್ನನು ತನ್ನ ಗ್ರಂಥದಲ್ಲಿ ಹೆಚ್ಚಿನ ಭಾಗವನ್ನು ಈ ಕುಲಕ್ಕೇ ಮೀಸಲಿಟ್ಟನು. ನಿಂತ ನೀರಿನಲ್ಲಿ ತೇಲುತ್ತಾ, ಹಳದಿಯ ಸಣ್ಣ ಹೂವನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿಯುವ ಯುಟ್ರಿಕ್ಯುಲೇರಿಯ ಎಂಬ ಇನ್ನೊಂದುಂಟು. ಅದರ ಎಲೆಗಳಲ್ಲಿರುವ ಸಣ್ಣ ಗುಳ್ಳೆಗಳು ನೀರಿನ ಸೂಕ್ಷ್ಮ ಜೀವಿಗಳನ್ನು ಒಂದು ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಒಳಕ್ಕೆ ಸೆಳೆದುಕೊಳ್ಳುತ್ತವೆ.

ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆಯು ಶ್ರೀರಾಮನ ಕಾಲದ್ದೆಂದು ಐತಿಹ್ಯವಿದೆ. ಕೆರೆಯ ಏರಿ, ತೂಬು, ಕೋಡಿಗಳನ್ನು ಕಾಯುವುದರಲ್ಲಿ ಹಿಂದಿನವರು ತೋರಿದ ಶ್ರದ್ಧೆಯನ್ನು ತಾವೂ ತೋರುತ್ತಿದ್ದೀರಿ. ಅದರ ಜೊತೆಗೆ ನಮ್ಮ ಕೆರೆಗಳ ಮೇಲಂಚಿನ ಬಡ ಜಲ್ಲಿನೆಲವನ್ನೂ ಸ್ವಲ್ಪ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಏನೂ ಬೆಳೆಯದ ಜಾಗವೆಂದು ಅಲ್ಲಿಗೆ ಮನೆಯ ಕಸವನ್ನೂ ಕಟ್ಟಡದ ಗಾರೆಯನ್ನೂ ಸುರಿಯುತ್ತಾರೆ. ಮೇಲಿನ ಹೊಲಗಳಿಗೆ ಲೆಕ್ಕವಿಲ್ಲದೆ ಹಾಕಿದ ಯೂರಿಯಾ ಮಳೆಯಲ್ಲಿ ಕೊಚ್ಚಿ ಅಲ್ಲಿಗೇ ಇಳಿಯುತ್ತದೆ. ನೆಲವು ಕೊಬ್ಬಿದೊಡನೆ ದರ್ಭೆಯೂ ಜೊಂಡೂ ಎದ್ದು ಈ ಸಣ್ಣ ಗಿಡಗಳನ್ನು ಮುಚ್ಚಿಬಿಡುತ್ತವೆ, ಮರುವರ್ಷ ಅವು ಕಾಣಿಸುವುದಿಲ್ಲ. ಹೊಲದ ಕೆಳಬದುವನ್ನು ಎತ್ತರಿಸಿ, ಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತುಗಳಲ್ಲಿ ಹಾಕಿದರೆ ರೈತನ ಹಣವೂ ಉಳಿಯುತ್ತದೆ, ಕೆರೆಯ ನೀರೂ ಕೆಡುವುದಿಲ್ಲ.

ಶಾಲೆಯ ಉಪಾಧ್ಯಾಯರು ಕಾರ್ತಿಕ ಮಾಸದಲ್ಲಿ ಒಂದು ದಿನ ಬೆಳಿಗ್ಗೆ, ಬಿಸಿಲೇರುವುದಕ್ಕೆ ಮುಂಚೆ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಬಹುದು. ನೋಡುವುದಕ್ಕೆ ಒಂದು ಭೂತಗನ್ನಡಿ ಇದ್ದರೆ ಸಾಕು. ಕಿತ್ತು ತಂದು ಕುಂಡದಲ್ಲಿಡುವುದರಿಂದ ಪ್ರಯೋಜನವಿಲ್ಲ, ಆ ಗಿಡದ ಆಯುಷ್ಯವೇ ಕೆಲವು ತಿಂಗಳು. ಬೀಜ ಉದುರುವವರೆಗೆ ಅಲ್ಲಿಯೇ ಬಿಟ್ಟರೆ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ.